ಕೇಳದೆ ಅಳಿಸದ ದಿಲ್ಷಾದ್

ಕೋಲಾರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟೀ ಅಂಗಡಿಯ ಒಲೆ ಇನ್ನೂ ಹತ್ತಿಲ್ಲ. ಟೊಮೆಟೊ ಲಾರಿಗಳು ಮಾರುಕಟ್ಟೆಯ ಕಡೆ ಸಾಲುಗಟ್ಟಿ ಹೋಗುತ್ತಿವೆ. ದಿಲ್ಷಾದ್ ಆಗಲೇ ಒಂದು ಲ್ಯಾಪ್‌ಟಾಪನ್ನು ಬೋರಲು ಹಾಕಿ, ಅದರ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದಾರೆ. ಇಸವಿ 2008 ಬಂದರೂ ಬೆಳಗಾಗುತ್ತಲೇ ಕರೆಂಟು ಹೋಗುವುದು ಈ ಓಣಿಯಲ್ಲಿ ತಪ್ಪಿಲ್ಲ. ಹಾಗಾಗಿ ಊರು ಕಣ್ಣುಬಿಡುವ ಮೊದಲೇ ಇವರ ಅರ್ಧ ಕೆಲಸ ಮುಗಿಯಬೇಕು. ಸಣ್ಣ ಬ್ರಷ್ಷಿನಿಂದ ಫ್ಯಾನಿನ ರೆಕ್ಕೆ ಗುಡಿಸುತ್ತಾ, "ಇದು ಕ್ಯಾಲನೂರಿನ ಡೇರಿಯೋರ್ದು. ಬೂಸಾ ಹೆಂಗೆ ತುಂಬ್ಕೊಂಡಿದೆ ನೋಡಿ. ಹಸು ತಿನ್ನೋದನ್ನೆಲ್ಲ ಇದೂ ತಿಂದಿದೆ" ಎಂದು ನಗುತ್ತಾರೆ.

ದಿಲ್ಷಾದ್ ಮುಳಬಾಗಿಲಿನವರು. ತಂದೆ ಅಬ್ದುಲ್ ರಜಾಕ್ ತೊಂಬತ್ತರ ದಶಕದಲ್ಲಿ ಅಲ್ಲಿನ ಕಚೇರಿಗಳಿಗೆಲ್ಲ ಬೇಕಾದವರು, ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದರು. ಸೀಮೆಎಣ್ಣೆ ಡಬ್ಬಿ, ಸ್ಕ್ರೂಡ್ರೈವರ್ ಚೀಲದಲ್ಲಿ ಹಾಕಿಕೊಂಡು ಶ್ರೀನಿವಾಸಪುರದವರೆಗೂ ಹೋಗಿಬರುತ್ತಿದ್ದರು. ರಜಾ ದಿನ ಮಗಳೂ ಜೊತೆಗೆ. ಟೈಪಿಂಗ್ ಇನ್‌ಸ್ಟಿಟ್ಯೂಟಿನ ಮೆಟ್ಟಿಲ ಮೇಲೆ ಕೂತು, ಒಳಗಿನ ಟಕಟಕ ಸದ್ದನ್ನೂ ಸಾಲು ಮುಗಿದಾಗ ಬೀಳುವ ಟಿಣ್ ಎಂಬ ಗಂಟೆಯನ್ನೂ ಕೇಳುತ್ತಾ ಅಪ್ಪನಿಗಾಗಿ ಕಾಯುವುದೆಂದರೆ ಅವರಿಗೆ ಹಬ್ಬ. ಈಗಲೂ ಆ ಸದ್ದು ನೆನೆದರೆ ಅವರ ಬೆರಳುಗಳು ಮೇಜಿನ ಮೇಲೆ ತಾವಾಗಿ ಆಡುತ್ತವೆ.

"ಅಬ್ಬಾಗೆ ಕೆಲ್ಸ ಹೋಯ್ತು ಅಂತ ಯಾರೂ ಹೇಳ್ಲಿಲ್ಲ. ಕರೆಯೋದು ನಿಲ್ಲಿಸಿದ್ರು, ಅಷ್ಟೆ" ಎನ್ನುತ್ತಾರೆ ದಿಲ್ಷಾದ್. ಕಚೇರಿಗಳಿಗೆ ಕಂಪ್ಯೂಟರ್ ಬಂದಿತ್ತು. ಅಪ್ಪ ಚೀಲವನ್ನು ಮೊಳೆಗೆ ನೇತುಹಾಕಿದ ವರ್ಷವೇ ಮಗಳು ಕೋಲಾರಕ್ಕೆ ಬಂದು, ಕಂಪ್ಯೂಟರ್ ಅಂಗಡಿಯೊಂದರಲ್ಲಿ ಬಿಲ್ ಟೈಪು ಮಾಡುವ ಕೆಲಸಕ್ಕೆ ಸೇರಿದರು. ಟೈಪು ಮಾಡುತ್ತಲೇ ಪಕ್ಕದ ಮೇಜಿನ ರಿಪೇರಿಯನ್ನು ನೋಡಿ ನೋಡಿ ಕಲಿತರು. ಸ್ವಂತ ಅಂಗಡಿ ತೆರೆದ ಹೊಸತರಲ್ಲಿ ಗಿರಾಕಿಗಳು ಒಳಗೆ ಇಣುಕಿ, "ಮೆಕ್ಯಾನಿಕ್ ಎಷ್ಟೊತ್ತಿಗೆ ಬರ್ತಾರಮ್ಮ?" ಎನ್ನುವರು. "ಬಂದು ಕೂತಾಯ್ತು ಸಾರ್, ಕೊಡಿ" ಎನ್ನುವರು ಇವರು. ಕೆಲವರು ಕೊಡುತ್ತಿದ್ದರು, ಕೆಲವರು ಹಾಗೇ ಜಾರಿಕೊಳ್ಳುತ್ತಿದ್ದರು. ಈಗ ದಿನಕ್ಕೆ ನಾಲ್ಕೈದಾದರೂ ಬರುತ್ತವೆ. ಬಹುತೇಕ ಎಲ್ಲರದ್ದೂ ಒಂದೇ ದೂರು, ಸ್ಲೋ ಆಗಿದೆ.

ಸ್ಲೋ ಎಂದೊಡನೆ ಬೇರೆ ಕಡೆ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಬಿಡುತ್ತಾರೆ. ಅದಕ್ಕೆ ಫಾರ್ಮ್ಯಾಟ್ ಹೊಡೆಯುವುದು ಎಂದು ಹೆಸರು. ದಿಲ್ಷಾದ್ ಮೊದಲು ಗಿರಾಕಿಯನ್ನು ಸ್ಟೂಲಿನ ಮೇಲೆ ಕೂರಿಸುತ್ತಾರೆ. "ಮನೇಲಿ ಹೆಂಗೆ ಮಾಡ್ತೀರೋ ಹಂಗೇ ಮಾಡಿ, ನಾನು ಸುಮ್ನೆ ನೋಡ್ತೀನಿ" ಎನ್ನುತ್ತಾರೆ. ಒಬ್ಬರು ಲ್ಯಾಪ್‌ಟಾಪನ್ನು ದಿಂಬಿನ ಮೇಲಿಟ್ಟು ಉಸಿರುಕಟ್ಟಿಸುತ್ತಾರೆ, ಇನ್ನೊಬ್ಬರು ತೆರೆಯ ಮೇಲಿನ ಒಂದು ಕಿಟಕಿಯನ್ನೂ ಮುಚ್ಚದೆ ಇಪ್ಪತ್ತು ತೆರೆಯುತ್ತಾರೆ.

ಹೋದ ಬೇಸಿಗೆಯಲ್ಲಿ ಶಿವಾರಪಟ್ಟಣದ ಶಿಲ್ಪಿ ಕದಿರಪ್ಪ ಆ ಸ್ಟೂಲಿನ ಮೇಲೆ ಕೂತರು. ವಯಸ್ಸಾದವರು. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಲ್ಲಿ ಅವುಚಿಕೊಂಡು ತಂದಿದ್ದರು. ಎರಡು ಅಂಗಡಿಗಳಲ್ಲಿ ಫಾರ್ಮ್ಯಾಟ್ ಒಂದೇ ದಾರಿ ಎಂದಿದ್ದರಂತೆ. ಅದರಲ್ಲಿದ್ದದ್ದು ಅವರು ಕೆತ್ತಿದ ವಿಗ್ರಹಗಳ ಫೋಟೋಗಳು.

"ಪ್ರತಿಷ್ಠೆ ಆದ್ಮೇಲೆ ನಾವು ಮುಟ್ಟಂಗಿಲ್ಲಮ್ಮ. ಗರ್ಭಗುಡಿ ಒಳಕ್ಕೂ ಬಿಡಲ್ಲ. ನಮಗೆ ಉಳಿಯೋದು ಇದೊಂದೇ" ಎಂದರು ಕದಿರಪ್ಪ. ರೋಲ್ ಕ್ಯಾಮೆರಾದ ಕಾಲದಲ್ಲಿ ಅವರ ಬಳಿ ಒಂದು ಆಲ್ಬಮ್ ಇತ್ತು. ದೂರದ ಊರಿನ ಗಿರಾಕಿಯೊಬ್ಬರು ಕಮಿಟಿಯವರಿಗೆ ತೋರಿಸಿ ತರುತ್ತೇನೆಂದು ಒಯ್ದವರು ಮತ್ತೆ ಬರಲಿಲ್ಲ. ಯೌವನದ ಕೆಲಸವೆಲ್ಲ ಅದರ ಜೊತೆಗೇ ಹೋಯಿತು.

ಫ್ಯಾನಿನ ತುಂಬ ಕಲ್ಲಿನ ಪುಡಿ ಇತ್ತು. ತೆಗೆದರೂ ಯಂತ್ರ ತೆವಳುವುದು ಬಿಡಲಿಲ್ಲ. ಆಗ ದಿಲ್ಷಾದ್ ತಮ್ಮ ಮಾಮೂಲಿ ಮಾತು ಹೇಳಿದರು, ಮನೇಲಿ ಮಾಡೋ ಹಂಗೇ ಮಾಡಿ. ಕದಿರಪ್ಪ ಒಂದು ಬೆರಳಿನಿಂದ ಎಲ್ಲ ಫೋಟೋಗಳನ್ನೂ ಆರಿಸಿ, ಕಾಪಿ ಮಾಡಿ, ಇನ್ನೊಂದು ಕಡೆ ಇಟ್ಟರು. ಯಾಕೆಂದು ಕೇಳಿದರೆ, "ಒಂದು ಹೋದ್ರೂ ಇನ್ನೊಂದಿರ್ಲಿ ಅಂತ. ದಿನಾ ಹೊತ್ತಾರೆ ಮಾಡ್ತೀನಿ" ಎಂದರು. ಆಲ್ಬಮ್ ಕಳೆದುಕೊಂಡ ಭಯವೇ ಆ ಯಂತ್ರದ ತುಂಬ ಕೂತಿತ್ತು. ಮಿಸುಕಾಡಲೂ ಅದಕ್ಕೆ ಜಾಗವಿರಲಿಲ್ಲ.

ಹೆಚ್ಚಿನ ನಕಲುಗಳನ್ನು ಅಳಿಸಲು ದಿಲ್ಷಾದ್ ಕೈ ಚಾಚುತ್ತಿದ್ದಂತೆ ಕದಿರಪ್ಪ ಆ ಮಣಿಕಟ್ಟು ಹಿಡಿದುಕೊಂಡರು. "ವದ್ದಮ್ಮಾ, ವದ್ದು!" ಗಾಬರಿಯಾದಾಗ ಅವರ ಬಾಯಿಗೆ ತೆಲುಗೇ ಬರುವುದು. ಬೇಡವೆಂದ ಮೇಲೆ ದಿಲ್ಷಾದ್ ಮುಟ್ಟಲಿಲ್ಲ. ಮೊದಲು ಫೋಟೋಗಳನ್ನೆಲ್ಲ ಎರಡು ಸಿ.ಡಿ.ಗೆ ಹಾಕಿದರು. ಅಂಗಡಿಯ ಇನ್ನೊಂದು ಕಂಪ್ಯೂಟರಿನಲ್ಲಿ ಒಂದೊಂದೇ ತೆರೆದು ತೋರಿಸಿದರು. ಕದಿರಪ್ಪ ಪ್ರತಿ ದೇವರನ್ನೂ ಗುರುತುಹಿಡಿದು, ಯಾವ ಊರಿಗೆ ಹೋಯಿತೆಂದು ಹೇಳಿದರು. ಮಧ್ಯಾಹ್ನ ಕಳೆಯಿತು. "ಅಣ್ಣಾ, ಈಗ ನೀವೇ ಅಳಿಸಿ. ಸಾಕು ಅನ್ನಿಸಿದ ಕಡೆ ನಿಲ್ಸಿ" ಎಂದರು ದಿಲ್ಷಾದ್. ಕದಿರಪ್ಪ ಸಿ.ಡಿ.ಯನ್ನು ಇನ್ನೊಮ್ಮೆ ತೆರೆಸಿ ನೋಡಿ, ಆಮೇಲೆ ಮೊದಲ ಸಲ ಗುಂಡಿ ಒತ್ತಿದರು. ಆ ದಿನ ಯಂತ್ರದಲ್ಲಿ ಎರಡು ಕಡೆ ಉಳಿಸಿಕೊಂಡು, ಇನ್ನು ಅಳಿಸಲಾರೆ ಎಂದು ಕದಿರಪ್ಪ ಸಿ.ಡಿ.ಗಳನ್ನೂ ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದರು. ಯಂತ್ರ ಚುರುಕಾಗಿತ್ತು. ಅಳಿಸೆಂದು ದಿಲ್ಷಾದ್ ಒತ್ತಾಯಿಸಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅದೇ ಟವೆಲ್ಲಿನ ಗಂಟು ಮತ್ತೆ ಬಂತು. ಮತ್ತೆ ಕೆಟ್ಟಿತೆಂದುಕೊಂಡು ದಿಲ್ಷಾದ್ ಗಂಟು ಬಿಚ್ಚಿದರು. ಹಾಕಿದರೆ ಚಕ್ಕನೆ ಶುರುವಾಯಿತು.

"ಏನಾಗಿದೆ ಅಣ್ಣಾ?"

"ಏನೂ ಆಗಿಲ್ಲಮ್ಮ. ಹೊಸ ಅಮ್ಮನವರು ಆಯ್ತು, ನಾಳೆ ಲಾರಿ ಹತ್ತುತ್ತೆ. ನೀನು ನೋಡ್ಬೇಕು ಅನ್ನಿಸ್ತು." ತೆರೆಯ ಮೇಲೆ ಕರಿಕಲ್ಲಿನ ದೇವಿ ತಣ್ಣಗೆ ಕೂತಿದ್ದಳು. ದಿಲ್ಷಾದ್ ಅಭ್ಯಾಸಬಲದಿಂದ ಒಳಗೆಲ್ಲ ಹುಡುಕಿದರು. ಪ್ರತಿ ದೇವರ ಫೋಟೋವೂ ಒಂದೇ ಕಡೆ ಇತ್ತು, ನಕಲಿರಲಿಲ್ಲ.

"ಬೇರೆದನ್ನ ನಾನೇ ಅಳಿಸ್ದೆ. ಇನ್ನೊಂದು ಸಿ.ಡಿ. ಮಾಡು, ಅದು ನಿನ್ ಹತ್ರಾನೇ ಇರ್ಲಿ" ಎಂದರು ಕದಿರಪ್ಪ.

ಆ ಮಾತನ್ನು ನಮಗೆ ಹೇಳುವಾಗ ದಿಲ್ಷಾದ್ ಬ್ರಷ್ಷು ಕೆಳಗಿಡುತ್ತಾರೆ. "ಆಲ್ಬಮ್ ಕಳ್ಕೊಂಡೋರು ನೋಡಿ. ಇನ್ನೊಬ್ರ ಕೈಗೆ ಕೊಟ್ಟು ಹೋದ್ರು. ಅವತ್ತು ಖುಷಿಗೆ ನಂಗೆ ಊಟಾನೇ ಬೇಕಾಗ್ಲಿಲ್ಲ."