ಎಲ್ಲಿಗೆ ಎಂದು ಕೇಳುತ್ತಿದ್ದ ಕಂಡಕ್ಟರು

ಹೊನ್ನಾವರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಬಸ್ ಕಂಡಕ್ಟರು ರಜೆಯ ದಿನವೂ ಕೊರಳಲ್ಲಿ ಸೀಟಿ ಹಾಕಿಕೊಂಡೇ ಇರುತ್ತಿದ್ದರು. ಯಾರೇ ಎದುರಾಗಲಿ, ಬಲಗೈ ಚಾಚಿ "ಎಲ್ಲಿಗೆ?" ಎನ್ನುವರು.

ಒಂದು ಬೇಸಿಗೆಯಲ್ಲಿ ಓಣಿಯ ಮಕ್ಕಳಿಗೆಂದು ನಾನು ಕಥೆಯಾಟ ಹುಡುಕುತ್ತಿದ್ದೆ. ದೊಡ್ಡವರೊಬ್ಬರು ಕಥೆ ಹೇಳಬೇಕು, ಮಕ್ಕಳು ಅದರೊಳಗಿನ ವೀರರಾಗಬೇಕು, ಗೆದ್ದರೋ ಸೋತರೋ ದಾಳ ಹೇಳಬೇಕು. ಮೊಬೈಲಿನಲ್ಲಿ ಸಿಕ್ಕ ನಿಯಮಗಳನ್ನು ಕಂಡಕ್ಟರಿಗೆ ಓದಿ ಹೇಳಿದೆ. ಶಕ್ತಿಗಿಷ್ಟು ಅಂಕ, ಕತ್ತಿಗಿಷ್ಟು ಅಂಕ ಎನ್ನುವಷ್ಟರಲ್ಲಿ ಕೈ ಅಡ್ಡ ಹಿಡಿದರು.

"ಇಷ್ಟೆಲ್ಲ ಎಂತಕ್ಕೆ ಮಾರಾಯ್ರೆ? ಒಂದೇ ದಾಳ ಇರೂದು ಯಾವ್ದು?"

ಅಂಥದ್ದೂ ಒಂದಿತ್ತು. ನಾಲ್ಕು ಅಥವಾ ಹೆಚ್ಚು ಬಿದ್ದರೆ ಅಂದುಕೊಂಡದ್ದು ಆಗುತ್ತದೆ, ಕಡಿಮೆ ಬಿದ್ದರೆ ಎಡವಟ್ಟು.

"ಆತು, ಇದೇ!" ಎಂದು ಕಥೆ ಹೇಳಲು ಅವರೇ ಜಗಲಿಯಲ್ಲಿ ಕೂತು ಸೀಟಿ ಊದಿದರು. ಹೊಳೆಯಾಚೆ ರಾಕ್ಷಸ, ನಡುವೆ ಮುರುಕು ಸೇತುವೆ. ಮಕ್ಕಳು ಕಿರುಚುತ್ತ ದಾಳ ಎಸೆದು ಒಬ್ಬೊಬ್ಬರಾಗಿ ದಾಟಿದರು. ಕೊನೆಗೆ ನನ್ನ ಮಗಳಿಗೆ ಒಂದು ಬಿತ್ತು.

"ಹೊಳೆಗೆ ಬಿದ್ಲು! ಔಟ್!" ಎಂದು ಉಳಿದವರು ಕೂಗಿದರು.

ಸೀಟಿ ಜೋರಾಗಿ ಮೊಳಗಿತು. "ನನ್ ಬಸ್ಸಲ್ಲಿ ಯಾರೂ ಔಟ್ ಇಲ್ಲ," ಎಂದವರು ಅವಳತ್ತ ಬಾಗಿ ಕೈ ಚಾಚಿದರು. "ನೀ ಹೊಳೇಲಿ ಇದ್ದೀ ತಂಗಿ. ಈಗ ಎಲ್ಲಿಗೆ?"

ಅವಳು ಕಣ್ಣೊರೆಸಿಕೊಂಡು ಯೋಚಿಸಿದಳು. "ಮೀನಿನ ಮನೆಗೆ!"

"ನಾನೂ! ನಾನೂ!" ಸೇತುವೆ ದಾಟಿದ್ದವರೆಲ್ಲ ತಿರುಗಿ ಬಂದು ಹೊಳೆಗೆ ಹಾರಿದರು.

"ರೈಟ್!" ಎಂದರು ಕಂಡಕ್ಟರು. ಆಚೆ ದಡದಲ್ಲಿ ಕಾದಿದ್ದ ರಾಕ್ಷಸನ ಹತ್ತಿರ ಆ ದಿನ ಯಾರೂ ಹೋಗಲೇ ಇಲ್ಲ.