ಬೂರುಗದ ಅರಳೆಯ ಮಲಗುವ ಚೀಲ

ಗುಬ್ಬಿ ಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದ ಯಲ್ಲಯ್ಯನಿಗೆ ಅಂಥ ಕೆಲಸ ಬಂದದ್ದು ಅದೇ ಮೊದಲು, ೧೯೬೩ರ ಬೇಸಿಗೆಯಲ್ಲಿ. ತುಮಕೂರಿನ ಡ್ರಿಲ್ ಮೇಷ್ಟ್ರು ಶ್ರೀಕಂಠಯ್ಯ ಹಿಮಾಲಯ ಹತ್ತುವ ತರಬೇತಿಗೆ ಆಯ್ಕೆಯಾಗಿದ್ದರು.

"ಹಿಮದ ಮೇಲೆ ಮಲಗ್ಬೇಕು ಯಲ್ಲಯ್ಯ. ಒಳಗೆ ತೂರ್ಕೊಳ್ಳೋ ಥರ ಒಂದು ಚೀಲ ಹೊಲಿದು ಕೊಡು. ಬೆನ್ನ ಮೇಲೆ ಹೊತ್ಕೊಂಡು ಹತ್ತಬೇಕು, ಅದಕ್ಕೆ ಬೆಚ್ಚಗೂ ಇರ್ಬೇಕು, ಹಗುರವಾಗೂ ಇರ್ಬೇಕು" ಅಂದರು.

ಯಲ್ಲಯ್ಯ ಎಂಟು ದಿನ ಅದರ ಹಿಂದೆಯೇ ಬಿದ್ದ. ಕಂಬಳಿ ಬೆಚ್ಚಗಿತ್ತು, ಆದರೆ ಭಾರ. ಹತ್ತಿ ಒದ್ದೆಯಾದರೆ ಮುದ್ದೆಗಟ್ಟಿ ತಣ್ಣಗಾಗುತ್ತಿತ್ತು. ಕೊನೆಗೆ ಬೂರುಗದ ಮರದ ಕಾಯಿ ಒಡೆದು ತೆಗೆದ ಒಂದು ಹಿಡಿ ಅರಳೆಯನ್ನು ಬಕೆಟ್ಟಿನ ನೀರಿಗೆ ಬಿಟ್ಟ. ತೇಲಿತು. ಎತ್ತಿ ಕೊಡವಿದರೆ ಒಳಗೆಲ್ಲ ಒಣಗಿಕೊಂಡೇ ಇತ್ತು.

ಬೀಜ ಬಿಡಿಸಿ, ಅರಳೆ ಒಂದೇ ಕಡೆ ಜಾರದಂತೆ ಪಟ್ಟಿ ಪಟ್ಟಿಯಾಗಿ ಹೊಲಿದು ತುಂಬುತ್ತಾ ಬಂದ. ಮುಕ್ಕಾಲು ಮುಗಿದಾಗ ಚಳಿಜ್ವರ ಬಂದು ಮಲಗಿಬಿಟ್ಟ. ಮೇಷ್ಟ್ರು ಹೊರಡಲು ನಾಲ್ಕೇ ದಿನ ಉಳಿದಿತ್ತು. ಹೆಂಡತಿ ಚೆನ್ನಮ್ಮನ ತಮ್ಮ ಕಾಳಯ್ಯ ಅವನ ಕೈಯಲ್ಲೇ ಸೂಜಿ ಹಿಡಿಯಲು ಕಲಿತವನು. "ಕಾಲಿನ ಭಾಗ ನಾನು ಮುಗಿಸ್ತೀನಿ ಭಾವ, ನೀನು ಮಲಕ್ಕೊ" ಅಂದ. ಮುಗಿಸಿ, ಚೀಲವನ್ನು ತಾನೇ ತುಮಕೂರಿಗೆ ಹೋಗಿ ಕೊಟ್ಟು ಬಂದ.

ಎರಡು ತಿಂಗಳಾದ ಮೇಲೆ ಮೇಷ್ಟ್ರು ಕುಂಟುತ್ತಾ ಅಂಗಡಿಗೆ ಬಂದರು. ಹಿಮಕ್ಕೆ ಕಪ್ಪಾದ ಎರಡು ಕಾಲ್ಬೆರಳನ್ನು ಆಸ್ಪತ್ರೆಯಲ್ಲಿ ಕತ್ತರಿಸಿದ್ದರು.

"ಎದೆ ಬೆಚ್ಚಗಿತ್ತು. ಕಾಲಿನ ಕಡೆ ಚೀಲ ನೆನೆದು ಹಾಗೇ ಹೆಪ್ಪುಗಟ್ತು. ನಿನ್ನ ನಂಬಿದ್ದೆ ಯಲ್ಲಯ್ಯ" ಅಂದು, ಚೀಲ ಅಲ್ಲೇ ಬಿಟ್ಟು ಹೊರಟುಹೋದರು.

ಯಲ್ಲಯ್ಯ ಹೊಲಿಗೆ ಬಿಚ್ಚಿದ. ಒಳಗಿದ್ದದ್ದು ಯಾರದೋ ಹಳೇ ಹಾಸಿಗೆಯ ಹತ್ತಿ.

ಕಾಳಯ್ಯನನ್ನು ಕರೆಸಿ ಕೇಳಿದ. ಅಮೃತೂರಿನ ಮದುವೆಮನೆಯೊಂದಕ್ಕೆ ಆ ಬೂರುಗದಲ್ಲಿ ದಿಂಬು ಹೊಲಿದು ಕೊಟ್ಟಿದ್ದನಂತೆ. "ಅಷ್ಟು ದೂರ ಹೋಗಿ ಯಾರು ಬಿಚ್ಚಿ ನೋಡ್ತಾರೆ ಅಂದ್ಕೊಂಡೆ ಭಾವ."

"ನಾನು ಜ್ವರದಲ್ಲಿ ಬಿದ್ದಿದ್ದಾಗ ನನ್ನ ಪಕ್ಕದಲ್ಲೇ ಕೂತು ತುಂಬಿದೆಯಲ್ಲೋ. ಅರಳೆ ಹೆಂಗೈತೆ ಅಂತ ನಾನು ಕೇಳಿದ್ರೆ, ಹೂವಿನಂಗೈತೆ ಅಂದೆ."

ಬಾಗಿಲಲ್ಲಿ ನಿಂತಿದ್ದ ಚೆನ್ನಮ್ಮ ಸೆರಗಿನ ತುದಿ ಹಿಡಿದು, "ಇವನು ಹಳೇ ಹತ್ತಿ ತುಂಬೋದನ್ನ ನೋಡಿದ್ದೆ. ಅವತ್ತೇ ನಾನು ಹೇಳ್ಬೇಕಿತ್ತು" ಅಂದಳು.

ಯಲ್ಲಯ್ಯ ಅವಳ ಮುಖ ನೋಡಿದ. ಅವಳ ತಮ್ಮನ ಮೋಸ ತಿಳಿದಾಗ ಬಂದದ್ದು ಸಿಟ್ಟು. ಈಗ ಸಿಟ್ಟೂ ಬರಲಿಲ್ಲ; ಮುಖ ತಿರುಗಿಸಿ, ಬಿಚ್ಚಿದ ಚೀಲವನ್ನು ಮಡಿಚತೊಡಗಿದ.

ಮಾರನೆಯ ಬೆಳಗ್ಗೆ ತುಮಕೂರಿನ ಅಂಚಿನ ಮರಳೂರಿನಲ್ಲಿದ್ದ ಮೇಷ್ಟ್ರ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಕಾಳಯ್ಯನ ಹೆಸರನ್ನೂ ಮುಚ್ಚಿಡಲಿಲ್ಲ.

"ಅಂಗಡಿ ನಿನ್ನದಲ್ವೇನಯ್ಯ?" ಮೇಷ್ಟ್ರು ಕೇಳಿದರು.

"ನಂದೇ ಅಂಗಡಿ, ಬುದ್ಧಿ."

ಅವರು ಕೂರು ಅನ್ನದೆ, ಬೈಯದೆ, ಕುಂಟುತ್ತಾ ಒಳಗೆ ಹೋದರು.

ಕಾಳಯ್ಯ ಆ ವಾರವೇ ಕುಣಿಗಲ್ಲಿಗೆ ಹೋಗಿ ಬೇರೆ ಅಂಗಡಿ ಹಾಕಿದ. ಯಲ್ಲಯ್ಯ ಹೊಲಿಯುತ್ತಲೇ ಇದ್ದ, ಒಬ್ಬನೇ. ಮನೆಯಲ್ಲಿ ಚೆನ್ನಮ್ಮ ಬಡಿಸಿದ್ದನ್ನು ಉಂಡು ಏಳುತ್ತಿದ್ದ. ಸಾರಿಗೆ ಉಪ್ಪು ಕಮ್ಮಿಯಾಗಿದ್ದರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.