ನನ್ನ ಸೀರೆ, ಅವಳ ನೌಕರಿ

ಸೀರೆ ನನ್ನದು. ತಿಳಿ ನೀಲಿ ಕಾಟನ್ ಸೀರೆ, ಡಿ.ಎಡ್. ಮುಗಿದ ಮೇಲೆ ಸಂದರ್ಶನಕ್ಕೆಂದೇ ಅವ್ವ ಕೊಡಿಸಿದ್ದು. ಅದನ್ನು ಉಟ್ಟು ರಾಯಬಾಗದ ಒಂದು ಶಾಲೆಗೆ ಹೋಗಿ ಬಂದೆ, ಅಥಣಿಯ ಎರಡು ಶಾಲೆಗಳಿಗೂ ಹೋಗಿ ಬಂದೆ. ಮೂರೂ ಕಡೆ ‘ತಿಳಿಸುತ್ತೇವೆ’ ಎಂದರು. ಯಾರೂ ತಿಳಿಸಲಿಲ್ಲ.

ನಾಲ್ಕನೆಯದು ಏಕಸಂಬಿ ಹತ್ತಿರದ ಒಂದು ಖಾಸಗಿ ಕನ್ನಡ ಶಾಲೆ. ಇದ್ದದ್ದು ಒಂದೇ ಹುದ್ದೆ. ನಾನೂ ನನ್ನ ಗೆಳತಿಯೂ ಅರ್ಜಿ ಹಾಕಿದ್ದೆವು. ಚಿಕ್ಕೋಡಿಯಲ್ಲಿ ನಮ್ಮಿಬ್ಬರದು ಒಂದೇ ಓಣಿ, ಡಿ.ಎಡ್.ಗೂ ಒಂದೇ ಕಾಲೇಜು. ಸಂದರ್ಶನದ ಹಿಂದಿನ ದಿನ ಅವಳು ನಮ್ಮ ಮನೆಗೆ ಬಂದು, ‘ಆ ನೀಲಿ ಸೀರಿ ಕೊಡ್ತಿಯೇನ ಲೇ? ನನ್ನ ಕಡೆ ಎಲ್ಲಾ ಜರಿ ಸೀರಿನ ಅದಾವು’ ಎಂದಳು. ಆ ಸೀರೆಗೆ ಕಾಲ್ಗುಣವಿಲ್ಲ ಎಂದು ನನಗೆ ಅಷ್ಟೊತ್ತಿಗೆ ಖಾತ್ರಿಯಾಗಿತ್ತು. ಖುಷಿಯಿಂದಲೇ ಕೊಟ್ಟೆ.

ಇಬ್ಬರೂ ಮೂರನೇ ತರಗತಿಗೆ ಕಬ್ಬು-ಬೆಲ್ಲದ ಪಾಠ ಮಾಡಿ ತೋರಿಸಬೇಕಿತ್ತು. ನನ್ನ ಸರದಿ ಮೊದಲು. ವಾರವಿಡೀ ಬಾಯಿಪಾಠ ಮಾಡಿದ್ದ ಪುಸ್ತಕದ ಕನ್ನಡದಲ್ಲಿ ಎಲ್ಲೂ ತಡವರಿಸದೆ ಹೇಳಿ ಮುಗಿಸಿ ಹೊರಗೆ ಬಂದು ಕುಳಿತೆ. ಅವಳು ಒಳಗೆ ಹೋದ ಮೇಲೆ ಗದ್ದಲವೋ ಗದ್ದಲ. ಮಕ್ಕಳನ್ನು ಸುಮ್ಮನಿರಿಸಲಾಗದವಳು ಏನು ಕಲಿಸುತ್ತಾಳೆ ಎಂದುಕೊಂಡು ಸಮಾಧಾನಪಟ್ಟೆ. ವಾರದೊಳಗೆ ನೌಕರಿ ಅವಳಿಗಾಯಿತು.

ಸೀರೆಯನ್ನು ಒಗೆದು, ಇಸ್ತ್ರಿ ಮಾಡಿಸಿ, ಮೇಲೆ ಪೇಢೆಯ ಡಬ್ಬಿ ಇಟ್ಟು ತಂದುಕೊಟ್ಟಳು. ಬಾಯಲ್ಲಿ ‘ಚಲೋ ಆತು’ ಎಂದೆ, ಹೊಟ್ಟೆಯೊಳಗೆ ಬೆಂಕಿ. ಬೆಳಿಗ್ಗೆ ಅವಳು ಬಸ್ಸಿಗೆ ಹೊರಡುವ ಹೊತ್ತಿಗೆ ನಾನು ಬಾಗಿಲು ಮುಂದೆ ಮಾಡುತ್ತಿದ್ದೆ. ‘ವಶೀಲಿ ಹಚ್ಚ್ಯಾಳ’ ಎಂದು ಓಣಿಯಲ್ಲಿ ಇಬ್ಬರು ಮೂವರಿಗೆ ಹೇಳಿದ್ದೂ ನಾನೇ. ಅದನ್ನು ಕೇಳಿಸಿಕೊಂಡ ಅವ್ವ, ‘ಕುಣಿಯಾಕ ಬಾರದಾಕಿ ನೆಲಾ ಡೊಂಕ ಅಂದ್ಲಂತ’ ಎಂದಳು. ಎರಡು ದಿನ ಅವ್ವನ ಜೊತೆಗೂ ಮಾತು ಬಿಟ್ಟೆ.

ಕೊನೆಗೆ ಜಗಳ ತೆಗೆಯಲೆಂದೇ, ಪ್ರಮಾಣಪತ್ರಗಳ ನಕಲು ವಾಪಸ್ ಕೇಳುವ ನೆಪದಲ್ಲಿ ಆ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರನ್ನು ನೇರವಾಗಿಯೇ ಕೇಳಿದೆ: ‘ನನ್ನ ಪಾಠದಾಗ ಏನ ಕಡಿಮಿ ಬಿತ್ರಿ ಸರ?’

ಅವರು ಕುರ್ಚಿ ತೋರಿಸಿದರು. ‘ಪಾಠ ಚಲೋನ ಇತ್ರಿ. ನೀವು ಹಲಗಿ ಮ್ಯಾಲ ಕಬ್ಬಿನ ಚಿತ್ರಾ ತಗದ್ರಿ. ಇಲ್ಲಿ ಅರ್ಧಾ ಮಕ್ಕಳ ಮನ್ಯಾಗ ಮರಾಠಿ. ಮುಂದ ಕುಂತ ಹುಡುಗಿ ‘ಊಸ’ ಅಂದ್ಲು. ನೀವು ‘ಕನ್ನಡದಲ್ಲಿ ಹೇಳು’ ಅಂದ್ರಿ. ಅಲ್ಲಿಂದ ಒಂದ ಕೂಸೂ ಬಾಯಿ ತಗೀಲಿಲ್ಲ. ನಿಮ್ಮ ಗೆಳತಿ ಮುಂದ ಅದ ಹುಡುಗಿ ಮತ್ತ ‘ಊಸ’ ಅಂದ್ಲು. ಅವರು ‘ಹೌದವಾ, ನಾವು ಕಬ್ಬು ಅಂತೀವಿ. ನಿಮ್ಮ ಹೊಲದಾಗ ಐತೇನು?’ ಅಂದ್ರು. ಆಮ್ಯಾಲ ಎಲ್ಲಾರೂ ತಮ್ಮ ತಮ್ಮ ಹೊಲದ ಸುದ್ದಿ ಹೇಳಾಕ ಹತ್ತಿದ್ರು.’

ನಿಪ್ಪಾಣಿ ಪೇಟೆಯಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡುವವಳು ನಾನು. ಅಜ್ಜಿ ನನ್ನನ್ನು ಬೈದದ್ದು, ಮುದ್ದು ಮಾಡಿದ್ದು ಎರಡೂ ಮರಾಠಿಯಲ್ಲೇ. ನೌಕರಿ ಕೇಳಲು ಹೋದಾಗ ಮಾತ್ರ ಅದನ್ನು ಚಪ್ಪಲಿಯ ಹಾಗೆ ಬಾಗಿಲಾಚೆ ಬಿಟ್ಟು ಒಳಗೆ ಹೋಗುತ್ತಿದ್ದೆ. ಜಗಳಕ್ಕೆ ಏನೂ ಉಳಿಯಲಿಲ್ಲ. ಹೊಟ್ಟೆಕಿಚ್ಚು ಕಡಿಮೆಯಾಯಿತೇ ಎಂದರೆ ಇಲ್ಲ, ಹೆಚ್ಚೇ ಆಯಿತು. ವಶೀಲಿಯಿಂದ ಗೆದ್ದಿದ್ದರೆ ಬೈದು ಹಗುರಾಗಬಹುದಿತ್ತು. ಇವಳು ನನಗೂ ಬರುವಂಥದ್ದರಿಂದಲೇ ಗೆದ್ದಿದ್ದಳು.

ಮುಂದಿನ ತಿಂಗಳು ಅದೇ ಸೀರೆ ಉಟ್ಟು ಕಾಗವಾಡದ ಒಂದು ಶಾಲೆಗೆ ಹೋದೆ. ಹಣ್ಣುಗಳ ಪಾಠ. ಒಂದು ಮಗು ಎದ್ದು ದ್ರಾಕ್ಷಿಯ ಬಗ್ಗೆ ಮರಾಠಿಯಲ್ಲಿ ಏನೋ ಹೇಳಿತು. ‘ಹೌದವಾ, ನಿಮ್ಮ ತೋಟದಾಗ ಐತೇನು?’ ಎಂದೆ. ಗೆಳತಿಯ ಮಾತನ್ನು ಅವಳ ಧಾಟಿಯ ಸಮೇತ ಕದ್ದಿದ್ದೆ. ತರಗತಿಯಲ್ಲಿ ಗದ್ದಲವೆದ್ದಿತು. ನೌಕರಿ ಸಿಕ್ಕಿತು.

ಪೇಢೆ ಒಯ್ದುಕೊಟ್ಟಾಗ ಅವಳು ನನಗಿಂತ ಹೆಚ್ಚು ಖುಷಿಪಟ್ಟಳು. ಅದಕ್ಕೂ ನನಗೆ ಹೊಟ್ಟೆ ಉರಿಯಿತು.

‘ಹೆಂಗ ಮಾಡಿದಿ ಲೇ ಪಾಠ?’ ಎಂದು ಕೇಳಿದಳು.

ನಿನ್ನದೇ ಪಾಠ ಎನ್ನಬೇಕಿತ್ತು. ‘ನೀಲಿ ಸೀರಿ ಉಟ್ಕೊಂಡ ಹೋಗಿದ್ನಿ, ಅದರ ಗುಣಾ’ ಎಂದೆ.

ಅವಳು ನಂಬಿದಳು. ‘ಹೌದ ನೋಡ. ನಂಗೂ ಅದ ಸೀರೀನ ನೌಕರಿ ಕೊಡಿಸಿದ್ದು. ನಿನ್ನ ಉಪಕಾರ ಮರಿಯಾಂಗಿಲ್ಲ ನಾ’ ಎಂದಳು.

ಈಗಲಾದರೂ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವಳು ಡಬ್ಬಿಯಿಂದ ಒಂದು ಪೇಢೆ ತೆಗೆದು ನನ್ನ ಬಾಯಿಗೆ ಇಟ್ಟಳು.